ತೂಕದ ಚೀಟಿ ಹಿಂದ

ನಂದೂರ ಇಂಡಸ್ಟ್ರಿಯಲ್ ಏರಿಯಾದಾಗ
ನಮ್ಮ ಬ್ಯಾಳಿ ಮಿಲ್ಲು. ನಾ ಕಾಟಾದ ಮ್ಯಾಲ.
ಲಾರಿ ತುಂಬಿದ್ದೆಷ್ಟು, ಖಾಲಿ ಎಷ್ಟು, ನಡುವಿಂದೆಷ್ಟು,
ಹನ್ನೊಂದು ವರ್ಷದಿಂದ ಇದೇ ಕಳೆಯೋ ಲೆಕ್ಕ.

ಚಾದ ಹೊತ್ತಿಗೆ ಅಂಬಾರಾಯ ಬಂದ,
ರೋಲ್ ಮಷಿನ್ ನಡಸಾಂವ, ರೆಪ್ಪಿ ಮ್ಯಾಲ ಹಳದಿ ಧೂಳು.
"ಅಕ್ಕೋರ, ಎರಡು ಸಾವಿರ ಹಾಕಿದ್ರ
ಅವರೇ ಮತ್ತೆರಡು ಸಾವಿರ ಹಾಕ್ತಾರಂತ. ಪುಕ್ಕಟೆ."
ಫೋನಿನ ಗಾಜಿಗೆ ಬಿರುಕು. ಬಿರುಕಿನ ಕೆಳಗ
ಒಬ್ಬ ಆಟಗಾರ ಬ್ಯಾಟ್ ಎತ್ತಿ ನಗ್ತಿದ್ದ.

ನಾ ಚಷ್ಮಾ ಹಾಕ್ಕೊಂಡು ತಳಕ್ಕಿಳದೆ.
ಯಾವ ಕಾಗದಕ್ಕಾದ್ರೂ ಒಂದು ತಳ ಇರ್ತದ,
ಕಸ ಅಲ್ಲೇ ಕೂಡ್ತದ.

ಸಾಸ್ವಿಯಂಥ ಅಕ್ಷರ:
ಹಾಕಿದ್ದು, ಕೊಟ್ಟಿದ್ದು ಎರಡೂ ಕೂಡಿಸಿ
ಹತ್ತು ಸಲ ಆಡಿ ತಿರುವಬೇಕು.
ಒಂದು ಪಾಯಿಂಟ್ ಎಂಟಕ್ಕಿಂತ ಕಮ್ಮಿ ದರದ್ದು ಹಿಡಿಯಂಗಿಲ್ಲ.
ಮಳಿ ಬಂದು ನಿಂತ ಮ್ಯಾಚು ಹಿಡಿಯಂಗಿಲ್ಲ.
ಮೂವತ್ತು ದಿನ. ಮೂವತ್ತೊಂದನೇ ದಿನ
ಕೊಟ್ಟಿದ್ದೂ ಹೋಯ್ತು, ಅದರಿಂದ ಹುಟ್ಟಿದ್ದೂ ಹೋಯ್ತು.

"ಅಂದ್ರ ನಲವತ್ತು ಸಾವಿರದ ಆಟ, ಅಂಬಾರಾಯ,
ನಿನ್ನ ಎರಡು ಸಾವಿರಕ್ಕ."
"ಗೆದ್ದಿದ್ದರಾಗೇ ಆಡೂದಲ್ರಿ?"

ಕೈಗೆ ಸಿಕ್ಕ ತೂಕದ ಚೀಟಿ ಹೊಳ್ಳಿಸಿ ಬರದೆ.
ಸಮ ಸಮ ತಂಡ ಎರಡು. ಯಾವುದಕ್ಕ ಹಚ್ಚಿದ್ರೂ
ನೂರಕ್ಕ ನೂರಾ ತೊಂಬತ್ತು.
ನೀ ಒಂದಕ್ಕ ಹಚ್ಚು, ಮಹಿಬೂಬ ಇನ್ನೊಂದಕ್ಕ ಹಚ್ಚಲಿ:
ಎರಡು ನೂರು ಹೋತು, ನೂರಾ ತೊಂಬತ್ತು ಬಂತು.
ಹತ್ತು ರೂಪಾಯಿ ಎಲ್ಲಿ?
ಅಂವ ಸುಮ್ನ ನಿಂತ. ಆಮ್ಯಾಲ ತಾನೇ ಅಂದ:
"ಹೊಟ್ಟು."

ಹೌದು, ಹೊಟ್ಟು. ತೊಗರಿ ಒಮ್ಮಿ ರೋಲಿಗೆ ಹೋದ್ರ ಸಿಪ್ಪಿ,
ಎರಡನೇ ಸಲ ನುಚ್ಚು, ಮೂರನೇ ಸಲ ಹಿಟ್ಟು.
ಹತ್ತು ಸಲ ಹಾಕಿದ್ರ ಮಾಲಕ ನಮ್ಮನ್ನೇ ರೋಲಿಗೆ ಹಾಕ್ತಾನ.
ನೂರಕ್ಕ ಐದರಂಗ ನಲವತ್ತು ಸಾವಿರಕ್ಕ ಎರಡು ಸಾವಿರ.
ಅವರು ಕೊಟ್ಟಿದ್ದೆಷ್ಟು, ಅಷ್ಟೇ. ಕಾಟಾ ಸಮ.
ಖರೆ ಹೇಳ್ಬೇಕಂದ್ರ ನಂಗ ಖುಷಿಯಾತು,
ಲೆಕ್ಕ ಹಂಗ ಕೂಡಿ ಬಂದಾಗ ಆಗ್ತದಲ್ಲ, ಆ ಖುಷಿ.

ಎಂಟು ದಿನಕ್ಕ ಮತ್ತ ಬಂದ. ಬ್ಯಾರೆ ಆ್ಯಪು.
"ಇದು ಆರೇ ಸಲ, ಅಕ್ಕೋರ. ನಾನೇ ಮಾಡೀನಿ:
ಇಪ್ಪತ್ನಾಲ್ಕು ಸಾವಿರ, ಹೊಟ್ಟು ಹನ್ನೆರಡು ನೂರು,
ಉಳೀತು ಎಂಟು ನೂರು. ತಪ್ಪದೇನ್ರಿ?"
ತಪ್ಪಿಲ್ಲ.
ಎರಡು ಸಲ ಕೂಡಿಸಿ ನೋಡ್ದೆ, ತಪ್ಪಿಲ್ಲ.
ಕಲಿಸಿದಾಕಿ ನಾನೇ.

ಹೇಳಿದೆ: ಕ್ವಿಂಟಾಲಿಗೆ ಎಪ್ಪತ್ತು ಕಿಲೋ ಬ್ಯಾಳಿ ಅಂತೀವಿ,
ಅದು ಸಾವಿರ ಚೀಲ ಒಡದಾಂವನ ಮಾತು.
ಒಂದೇ ಚೀಲ ತಂದಾಂವಗ
ಹುಳ ಹತ್ತಿದ್ದೇ ಸಿಗಬಹುದು.
ಸರಾಸರಿ ಮಿಲ್ಲಿಂದು, ಚೀಲ ನಿಂದು.
ಸಾವಿರ ಸಾವಿರ ಹಚ್ಚಿ ನಾಲ್ಕು ಸಾಲಾಗಿ ಸೋತಿ ಅಂದ್ರ
ಆರು ಸಲ ತಿರುವಲಿಕ್ಕೆ ಕೈಯಾಗೇನಿರ್ತದ?

"ಸಣ್ಣ ಸಣ್ಣದು ಹಚ್ತೀನಿ" ಅಂದ.
ನೂರರಂಗ ಹಚ್ಚಿದ್ರ ಇನ್ನೂರಾ ನಲವತ್ತು ಆಟ.
ದಿನಕ್ಕ ಎಂಟು.
ರಾತ್ರಿ ಎರಡಕ್ಕ ಯಾವ ದೇಶದ್ದೋ ಫುಟ್‌ಬಾಲು,
ಮುಂಜಾನಿ ಆರಕ್ಕ ರೋಲಿನ ಬಾಯಿಗೆ ನಿನ್ನ ಕೈ.
ಇದನ್ನ ಯಾವ ಕಾಲಮ್ಮಿನಾಗ ಬರೀಲಿ, ತಿಳೀಲಿಲ್ಲ.
ಪೆನ್ನು ಎತ್ತಿ ಹಂಗೇ ಹಿಡದೆ.

ಅಂವ ಹೋದ. ಹಾಕಿದ್ನೋ ಬಿಟ್ಟನೋ ಕೇಳಿಲ್ಲ.
ಮೊನ್ನಿ ಚಾ ಕಪ್ಪು ಹಿಡಿಯಾಗ ಬೆರಳು ಎಣಿಸಿದೆ,
ಹತ್ತೂ ಅವ.

ಆ ಮೊದಲಿನ ಚೀಟಿ ಮಾತ್ರ ಸಿಗವಲ್ತು.
ಬೀದರಿಗೆ ಹೋಗೋ ಲಾರಿಯಾಂವನ ಕೈಯಾಗ ಕೊಟ್ಟೀನಂತ ಕಾಣ್ತದ.
ಮುಂದ ಹದಿನಾರು ಟನ್ ಬ್ಯಾಳಿ,
ಹಿಂದ ನಲವತ್ತು ಸಾವಿರ, ಹತ್ತು, ಐದು, ಸೊನ್ನಿ.
ಹುಮನಾಬಾದ ನಾಕಾದಾಗ ಯಾರೋ ಹೊಳ್ಳಿಸಿ ನೋಡಿ
ಒಳಗ ಏನು ತುಂಬೀಯೋ ಮಾರಾಯ
ಅಂತ ಕೇಳಿರಬೇಕು.